ಒಂದೇ ಚಾನೆಲ್, ಎರಡು ಥರದ ನೋಡುಗರು

24 ಗಂಟೆ ಓಡುವ ಸುದ್ದಿ ಚಾನೆಲ್‌ನಲ್ಲಿ ದೇಶದ ಸುದ್ದಿಗೆ ಎಷ್ಟು ಜಾಗ, ಹೊರದೇಶದ್ದಕ್ಕೆ ಎಷ್ಟು? ಪತ್ರಿಕೋದ್ಯಮದ ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದರೆ ನಾವು 60-40, 70-30 ಅಂತ ಏನೋ ಬರೆದು ಮುಗಿಸುತ್ತೇವೆ, ಅಲ್ವಾ? ಬಿಬಿಸಿಯ ಕಥೆ ಓದಿದ ಮೇಲೆ, ನಿಮಿಷ ಎಣಿಸುವುದು ಈ ಲೆಕ್ಕದ ಸುಲಭದ ಭಾಗ ಅನ್ನಿಸಿತು.

ಹಿನ್ನೆಲೆ ಬೇಗ ಹೇಳಿಬಿಡುತ್ತೇನೆ. ಬ್ರಿಟನ್ನಿನ ಮನೆಗಳಿಗಾಗಿ ‘ಬಿಬಿಸಿ ನ್ಯೂಸ್ 24’ ಶುರುವಾದದ್ದು 1997ರ ನವೆಂಬರ್‌ನಲ್ಲಿ. ಹೊರದೇಶದವರಿಗೆ ಬೇರೆ ಚಾನೆಲ್ ಇತ್ತು. ಮನೆಯದಕ್ಕೆ ದುಡ್ಡು ಬರುತ್ತಿದ್ದದ್ದು ಟಿವಿ ನೋಡಲು ಅಲ್ಲಿನ ಜನ ವರ್ಷವರ್ಷ ಕಟ್ಟುವ ಲೈಸೆನ್ಸ್ ಫೀಯಿಂದ, ಹೊರಗಿನದಕ್ಕೆ ಜಾಹೀರಾತು ಮತ್ತು ಚಂದಾದಿಂದ. ಖರ್ಚು ಹಿಡಿಯಬೇಕೆಂದು 2022ರಲ್ಲಿ ವಿಲೀನ ಘೋಷಿಸಿದರು. 2023ರ ಏಪ್ರಿಲ್ 3ರಂದು ಎರಡೂ ಒಂದಾದವು.

ಈಗ ಕಾಪಿ, ಅಂದರೆ ಸುದ್ದಿಯ ಪಠ್ಯ, ಬರೆಯುವವರ ಕುರ್ಚಿಯಲ್ಲಿ ಕೂತು ನೋಡಿ. ‘ಚಾನ್ಸಲರ್ ನಾಳೆ ಬಜೆಟ್ ಮಂಡಿಸುತ್ತಾರೆ.’ ಲಂಡನ್ನಿನವರಿಗೆ ಇಷ್ಟು ಸಾಕು, ಚಾನ್ಸಲರ್ ಅಂದರೆ ಅವರ ಹಣಕಾಸು ಸಚಿವ. ಬರ್ಲಿನ್‌ನಲ್ಲಿ ನೋಡುತ್ತಿರುವವರಿಗೆ ಚಾನ್ಸಲರ್ ಅಂದರೆ ಸರ್ಕಾರದ ಮುಖ್ಯಸ್ಥ! ಸರಿ, ‘ಬ್ರಿಟನ್ ಹಣಕಾಸು ಸಚಿವರು’ ಅಂತ ಬದಲಾಯಿಸಿದಿರಿ. ಆಗ ಲಂಡನ್ನಿನವರಿಗೆ ತಮ್ಮ ಚಾನೆಲ್ಲೇ ಪರದೇಶದ್ದರಂತೆ ಕೇಳಿಸುತ್ತದೆ. ಬೆಂಗಳೂರಿನ ಕನ್ನಡ ಚಾನೆಲ್ ಒಂದು ದಿನ ‘ಕರ್ನಾಟಕದ ಮುಖ್ಯಮಂತ್ರಿಗಳು’ ಅಂತ ಬಿಡಿಸಿ ಬಿಡಿಸಿ ಹೇಳತೊಡಗಿದರೆ ನಮಗೂ ಹಾಗೇ ಅಲ್ವಾ? ‘ಇವತ್ತು ಬೆಳಗ್ಗೆ’ ಅನ್ನುವುದೂ ಕಷ್ಟ. ಚಳಿಗಾಲದಲ್ಲಿ ಲಂಡನ್ನಿನಲ್ಲಿ ಬೆಳಗ್ಗೆ 9 ಆದಾಗ ನಮಗೆ ಮಧ್ಯಾಹ್ನ 2.30, ಊಟ ಮುಗಿದಿರುತ್ತದೆ.

ಬ್ರೇಕ್‌ನದು ಇನ್ನೊಂದು ತಲೆನೋವು. ಹೊರದೇಶದಲ್ಲಿ ಜಾಹೀರಾತು ಹೋಗುವ ಹೊತ್ತಿಗೆ, ಜಾಹೀರಾತೇ ಇಲ್ಲದ ಬ್ರಿಟನ್ ಪರದೆಯಲ್ಲಿ ಬೇರೆ ಏನಾದರೂ ತುಂಬಿಸಬೇಕು.

ದೊಡ್ಡ ಸುದ್ದಿ ಬಂದರೆ ಫೀಡ್, ಅಂದರೆ ಪ್ರಸಾರದ ಹರಿವು, ಒಡೆದು, ಬ್ರಿಟನ್‌ಗೆ ಒಂದು, ಹೊರಗೆ ಇನ್ನೊಂದು ಕೊಡುವ ವ್ಯವಸ್ಥೆ ಇಟ್ಟುಕೊಂಡಿದ್ದಾರೆ. ಇದನ್ನು ಅಂಡರ್‌ಲೈನ್ ಮಾಡಿಕೊಳ್ಳಿ, ನನ್ನ ತಕರಾರು ಇರುವುದು ಇಲ್ಲೇ. ಚುನಾವಣೆ, ಯುದ್ಧ, ರಾಜನ ಪಟ್ಟಾಭಿಷೇಕ ತಮ್ಮ ಜಾಗ ತಾವೇ ಮಾಡಿಕೊಳ್ಳುತ್ತವೆ. ಪೆಟ್ಟು ಬೀಳುವುದು ನಡುಗಾತ್ರದ ಸುದ್ದಿಗೆ. ಒಂದು ಊರಿನ ಆಸ್ಪತ್ರೆಯ ಉದ್ದ ಸಾಲು, ಒಂದು ಕೌನ್ಸಿಲ್‌ನ (ಅಲ್ಲಿನ ಸ್ಥಳೀಯ ಆಡಳಿತ) ಖಾಲಿ ಖಜಾನೆ. ಫೀಡ್ ಒಡೆಯುವಷ್ಟು ದೊಡ್ಡದಲ್ಲ, ಸಿಂಗಪುರದವರಿಗೆ ತೋರಿಸುವಷ್ಟು ಸ್ವಾರಸ್ಯವೂ ಇಲ್ಲ. ವಿಲೀನವಾದ ವರ್ಷ 159 ಪೌಂಡ್ ಲೈಸೆನ್ಸ್ ಫೀ ಕಟ್ಟಿದವರು ‘ನಮ್ಮೂರ ಸುದ್ದಿ ಎಲ್ಲಿ?’ ಅಂತ ಕೇಳಿದರೆ ಸುಮ್ನೆ ಗೊಣಗಾಟ ಅಂತ ತಳ್ಳಿಹಾಕಲಾಗದು. 1989ರಿಂದ ಪಕ್ಕದಲ್ಲೇ ಇರುವ ಪ್ರತಿಸ್ಪರ್ಧಿ ಚಾನೆಲ್ ಸ್ಕೈ ನ್ಯೂಸ್‌ಗೆ ರಿಮೋಟ್ ಒಂದು ಗುಂಡಿ ದೂರ ಅಷ್ಟೇ.

ಹಾಗಂತ ಹೊರದೇಶದ ಸುದ್ದಿ ಜಾಸ್ತಿ ಆಯಿತು ಅಂತ ಹಲುಬುವುದೂ ಸರಿಯಲ್ಲ. ವಿಲೀನವಾಗಿ ಎರಡು ವಾರ ತುಂಬುವ ಮೊದಲೇ, ಏಪ್ರಿಲ್ 15ರಂದು, ಸುಡಾನ್‌ನಲ್ಲಿ ಕಾಳಗ ಶುರುವಾಯಿತು. ಅಲ್ಲಿ ಸಿಕ್ಕಿಬಿದ್ದವರಲ್ಲಿ ಬ್ರಿಟನ್ ಪಾಸ್‌ಪೋರ್ಟ್‌ನವರೂ ಇದ್ದರು, ನಮ್ಮ ಕರ್ನಾಟಕದ ಹಕ್ಕಿಪಿಕ್ಕಿ ಜನರೂ ಇದ್ದರು. ಅದು ಯಾರ ಮನೆಯ ಸುದ್ದಿ, ಯಾರಿಗೆ ಹೊರಗಿನದು?

ಅಭ್ಯಾಸಕ್ಕೆ: ನಿಮ್ಮ ಜಿಲ್ಲೆಯ ಒಂದು ಬಸ್ ಮುಷ್ಕರದ ಸುದ್ದಿಯನ್ನು ನಾಲ್ಕೇ ಸಾಲಿನಲ್ಲಿ ಬರೆಯಿರಿ. ನಿಮ್ಮೂರಿನ ಅಜ್ಜಿಗೂ ಬೇಜಾರಾಗಬಾರದು, ದುಬೈನಲ್ಲಿರುವ ಮಲಯಾಳಿಗೂ ಅರ್ಥವಾಗಬೇಕು. ನಾನು ಮೂರು ಸಲ ಬರೆದು ಹರಿದಿದ್ದೇನೆ.