ಇಬ್ಬರಿಗೂ ಫ್ಲಶ್ ಬಂದರೆ ಇಸ್ಪೀಟೇ ಗೆಲ್ಲಬೇಕಲ್ವಾ?

ಪ್ರಶ್ನೆ: ಗೆಳೆಯರ ಜೊತೆ ಪೋಕರ್ ಆಡಲು ಶುರು ಮಾಡಿದ್ದೇನೆ. ಬ್ಲೈಂಡ್, ಫ್ಲಾಪ್, ಚೆಕ್, ಕಿಕರ್ ಅಂತೆಲ್ಲ ಹೇಳ್ತಾರೆ, ತಲೆಬುಡ ಗೊತ್ತಾಗಲ್ಲ. ಮೊನ್ನೆ ಟೆಕ್ಸಾಸ್ ಹೋಲ್ಡೆಮ್ ಆಡುವಾಗ ನನಗೆ ಇಸ್ಪೀಟ್ ಫ್ಲಶ್ ಬಂತು, ಎದುರಿನವನಿಗೆ ಆಟೀನ್ ಫ್ಲಶ್. ಇಸ್ಪೀಟೇ ದೊಡ್ಡದು ಅಂತ ಚಿಪ್ಸ್ ನಾನೇ ಎಳೆದುಕೊಂಡೆ. ಸರಿ ತಾನೆ?

ಉತ್ತರ: ಸರಿಯಲ್ಲ. ಅದಕ್ಕಿಂತ ದೊಡ್ಡ ಎಡವಟ್ಟು ಇನ್ನೊಂದಿದೆ, ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಪದಗಳನ್ನು ಮುಗಿಸಿಬಿಡೋಣ.

ಮೂರೆಲೆಯ ತೀನ್ ಪತ್ತಿ ಆಡಿ ಗೊತ್ತಿದ್ದರೆ ಅರ್ಧ ಕೆಲಸ ಆಗಲೇ ಆಗಿದೆ. ಅಲ್ಲಿಯ ಪ್ಯಾಕ್ ಇಲ್ಲಿ ಫೋಲ್ಡ್. ಎಲೆ ಕೆಳಗಿಟ್ಟು ಸುಮ್ನೆ ಕೂರುವುದು. ಎದುರಿನವರು ಕಟ್ಟಿದಷ್ಟೇ ನೀವೂ ಕಟ್ಟಿದರೆ ಕಾಲ್, ಅದಕ್ಕಿಂತ ಜಾಸ್ತಿ ಕಟ್ಟಿದರೆ ರೈಸ್. ಯಾರೂ ಇನ್ನೂ ಕಟ್ಟಿಲ್ಲ, ನಿಮಗೂ ಕಟ್ಟುವ ಮನಸ್ಸಿಲ್ಲ, ಆದರೆ ಆಟ ಬಿಡುವುದೂ ಬೇಡ ಅನ್ನಿಸಿದರೆ ಚೆಕ್. ಒಬ್ಬರು ಕಟ್ಟಿದ ಮೇಲೆ ಚೆಕ್ ಅನ್ನುವ ಹಾಗಿಲ್ಲ. ನಡುವೆ ಬಿದ್ದಿರುವ ಚಿಪ್ಸ್ ರಾಶಿಯೇ ಪಾಟ್.

ಬ್ಲೈಂಡ್ ಅನ್ನುವ ಕಡೆ ಮಾತ್ರ ತೀನ್ ಪತ್ತಿಯವರು ಮುಗ್ಗರಿಸುತ್ತಾರೆ. ಅಲ್ಲಿ ಬ್ಲೈಂಡ್ ಅಂದರೆ ಎಲೆ ನೋಡದೆ ಆಡುವುದು. ಪೋಕರ್‌ನಲ್ಲಿ ಅದು ಕಡ್ಡಾಯದ ಕಟ್ಟುವಿಕೆ. ಎಲೆ ಹಂಚುವ ಸರದಿ ಯಾರದು ಅಂತ ತೋರಿಸುವ ಬಿಲ್ಲೆಯೇ ಡೀಲರ್ ಬಟನ್. ಅದನ್ನು ಇಟ್ಟುಕೊಂಡವರ ಎಡಗಡೆಯ ಇಬ್ಬರು ಎಲೆ ಬರುವ ಮುಂಚೆಯೇ ಚಿಪ್ಸ್ ಹಾಕಬೇಕು. ಮೊದಲನೆಯವರದು ಸ್ಮಾಲ್ ಬ್ಲೈಂಡ್, ಎರಡನೆಯವರದು ಬಿಗ್ ಬ್ಲೈಂಡ್. ಸಾಮಾನ್ಯವಾಗಿ ಬಿಗ್ ಅನ್ನುವುದು ಸ್ಮಾಲ್‌ನ ದುಪ್ಪಟ್ಟು. ಪ್ರತಿ ಸಲ ಎಲೆ ಹಂಚುವಾಗಲೂ ಬಟನ್ ಒಂದು ಸೀಟು ಎಡಕ್ಕೆ ಸರಿಯುತ್ತದೆ, ಆದ್ದರಿಂದ ಈ ಭಾರ ಎಲ್ಲರ ಮೇಲೂ ಬೀಳುತ್ತದೆ.

ಆಮೇಲೆ ಒಬ್ಬೊಬ್ಬರಿಗೆ ಎರಡೆರಡು ಎಲೆ, ಗುಟ್ಟಾಗಿ. ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ ಬೀಳುತ್ತವೆ. ಮೊದಲು ಒಟ್ಟಿಗೆ ಮೂರು, ಅದು ಫ್ಲಾಪ್. ನಾಲ್ಕನೆಯದು ಟರ್ನ್. ಐದನೆಯದು ರಿವರ್. ಈ ಏಳರಲ್ಲಿ ನಿಮಗೆ ಚೆನ್ನಾಗಿ ಕೂಡುವ ಐದನ್ನು ಲೆಕ್ಕಕ್ಕೆ ಹಿಡಿಯಬೇಕು. ಐದೇ. ಉಳಿದ ಎರಡು ಇಲ್ಲದ ಹಾಗೆ. ಎಷ್ಟೋ ಜಗಳ ಹುಟ್ಟುವುದು ಈ ಮಾತನ್ನು ಮರೆತಾಗಲೇ.

ಕಿಕರ್ ಸುಲಭ. ಮೇಜಿನ ಮೇಲೆ ಒಂದು ಎಕ್ಕ ಇದೆ. ನಿಮ್ಮ ಕೈಯಲ್ಲಿ ಎಕ್ಕ ಮತ್ತು ರಾಜ, ನನ್ನ ಕೈಯಲ್ಲಿ ಎಕ್ಕ ಮತ್ತು 9. ಇಬ್ಬರದೂ ಎಕ್ಕದ ಜೋಡಿಯೇ, ಬೇರೇನೂ ಕೂಡಲಿಲ್ಲ ಅನ್ನಿ. ನಿಮ್ಮ ರಾಜ ನನ್ನ 9ಕ್ಕಿಂತ ದೊಡ್ಡದು, ನೀವು ಗೆದ್ದಿರಿ. ಆ ರಾಜನೇ ಕಿಕರ್.

ಆಲ್-ಇನ್ ಅಂದರೆ ಇರುವುದನ್ನೆಲ್ಲ ಒಳಗೆ ತಳ್ಳುವುದು. ನನ್ನ ಹತ್ತಿರ 200 ಚಿಪ್ಸ್ ಮಾತ್ರ ಇವೆ, ನೀವು 500 ಕಟ್ಟಿದಿರಿ. ನಾನು ಆಟ ಬಿಡಬೇಕಾಗಿಲ್ಲ. 200 ತಳ್ಳುತ್ತೇನೆ, ಗೆದ್ದರೆ ನಿಮ್ಮಿಂದ ಬರುವುದೂ ಅಷ್ಟೇ. ಮಿಕ್ಕ 300ಕ್ಕೂ ನನಗೂ ಸಂಬಂಧವಿಲ್ಲ. ಮೂರನೆಯವರು ಯಾರಾದರೂ 500 ಕಟ್ಟಿದ್ದರೆ ಆ ಮಿಕ್ಕದ್ದು ನಿಮ್ಮಿಬ್ಬರ ನಡುವಿನ ಸೈಡ್ ಪಾಟ್. ಜೇಬಿನಿಂದ ಇನ್ನಷ್ಟು ತೆಗಿ ಅಂತ ಆಟದ ನಡುವೆ ಯಾರೂ ಹೇಳುವಂತಿಲ್ಲ.

ಈಗ ಇಸ್ಪೀಟಿಗೆ ಬರೋಣ. ಇದನ್ನು ಎಷ್ಟು ಸಲ ಹೇಳಿದ್ದೇನೋ ದೇವರಿಗೇ ಗೊತ್ತು. ಪೋಕರ್‌ನಲ್ಲಿ ಕೈಗೆ ಕೈ ತೂಗುವಾಗ ಇಸ್ಪೀಟ್, ಆಟೀನ್, ಡೈಮಂಡ್, ಕಳಾವರ್ ನಾಲ್ಕೂ ಸಮ. ದೊಡ್ಡದು ಚಿಕ್ಕದು ಅನ್ನುವುದು ಎಲೆಯ ನಂಬರಿಗೆ, ಜಾತಿಗಲ್ಲ.

ನಿಮ್ಮ ಪ್ರಶ್ನೆಯನ್ನೇ ತೊಗೊಳ್ಳಿ. ಫ್ಲಶ್ ಅಂದರೆ ಒಂದೇ ಜಾತಿಯ ಐದು ಎಲೆ. ನಿಮ್ಮ ಕೈಯಲ್ಲಿರುವುದು ಎರಡು. ಎರಡೂ ಇಸ್ಪೀಟೇ ಆಗಿದ್ದರೂ ಮೇಜಿನ ಮೇಲೆ ಕಡಿಮೆ ಅಂದರೂ ಮೂರು ಇಸ್ಪೀಟ್ ಇರಲೇಬೇಕು. ನಿಮ್ಮ ಗೆಳೆಯನಿಗೆ ಆಟೀನ್ ಫ್ಲಶ್ ಆಗಬೇಕಾದರೆ ಅದೇ ಮೇಜಿನ ಮೇಲೆ ಮೂರು ಆಟೀನ್ ಇರಬೇಕು. ಮೂರು ಮೂರು ಆರು. ಮೇಜಿನ ಮೇಲಿರುವುದು ಐದು. ಆರನೆಯದು ಎಲ್ಲಿಂದ ಬಂತು ಸ್ವಾಮಿ?

ಹೋಲ್ಡೆಮ್‌ನಲ್ಲಿ ಒಂದೇ ಆಟದಲ್ಲಿ ಎರಡು ಬೇರೆ ಜಾತಿಯ ಫ್ಲಶ್ ಬರುವುದು ಸಾಧ್ಯವೇ ಇಲ್ಲ. ಅಪರೂಪ ಅನ್ನುತ್ತಿಲ್ಲ, ಆಗುವುದೇ ಇಲ್ಲ. ಮತ್ತೆ ಮೊನ್ನೆ ಆಗಿದ್ದೇನು? ನಿಮ್ಮಿಬ್ಬರಲ್ಲಿ ಒಬ್ಬರು ನಾಲ್ಕೇ ಎಲೆ ಎಣಿಸಿ ಫ್ಲಶ್ ಅಂದಿರಬೇಕು. ಇಲ್ಲ, ಕಳಾವರ್ ಎಲೆಯೊಂದು ಇಸ್ಪೀಟಿನ ಹಾಗೆ ಕಂಡಿರಬೇಕು, ಎರಡೂ ಕಪ್ಪೇ ಅಲ್ವಾ. ಅದೂ ಅಲ್ಲ ಅಂದರೆ ನೀವು ಆಡಿದ್ದು ಹೋಲ್ಡೆಮ್ಮೇ ಅಲ್ಲ, ಐದೂ ಎಲೆ ಕೈಯಲ್ಲೇ ಇರುವ ಫೈವ್ ಕಾರ್ಡ್ ಡ್ರಾ. ಅದರಲ್ಲಿ ಬೇರೆ ಬೇರೆ ಜಾತಿಯ ಫ್ಲಶ್ ಎದುರಾಗಬಹುದು. ಆಗಲೂ ನೋಡುವುದು ಅತಿ ದೊಡ್ಡ ಎಲೆ ಯಾರದು ಅಂತ. ಅದು ಸಮ ಆದರೆ ಎರಡನೆಯದು, ಆಮೇಲೆ ಮೂರನೆಯದು, ಹೀಗೆ ಐದರವರೆಗೆ. ಐದೂ ಸಮ ಆದರೆ ಪಾಟ್ ಅರ್ಧರ್ಧ.

ಹೋಲ್ಡೆಮ್‌ನಲ್ಲಿ ಇಬ್ಬರಿಗೆ ಫ್ಲಶ್ ಬಂದರೆ ಅದು ಒಂದೇ ಜಾತಿಯದಾಗಿರುತ್ತದೆ. ಮೇಜಿನ ಮೇಲೆ ಇಸ್ಪೀಟ್ ರಾಜ, 9, 4 ಇವೆ ಅನ್ನಿ, ಮಿಕ್ಕೆರಡು ಬೇರೆ ಜಾತಿ. ನಿಮ್ಮ ಕೈಯಲ್ಲಿ ಇಸ್ಪೀಟ್ ರಾಣಿ, ಗುಲಾಮ. ನನ್ನ ಕೈಯಲ್ಲಿ ಇಸ್ಪೀಟ್ ಎಕ್ಕ ಮತ್ತು ಇಸ್ಪೀಟಿನದೇ ಒಂದು ಬಡಪಾಯಿ 2. ಗೆದ್ದದ್ದು ನಾನು. ನಿಮ್ಮ ಎರಡು ಎಲೆ ಕೂಡಿದರೆ ಜಾಸ್ತಿ ಅಂತ ವಾದ ಮಾಡಬೇಡಿ, ಇಲ್ಲಿ ಕೂಡುವ ಲೆಕ್ಕ ಇಲ್ಲ. ಎಕ್ಕ ಬಂದ ತಕ್ಷಣ ಮಾತು ಮುಗಿಯಿತು.

ಸ್ಟ್ರೇಟ್‌ನಲ್ಲೂ, ಅಂದರೆ ನಂಬರ್ ಸಾಲಾಗಿ ಬರುವ ಐದು ಎಲೆಯಲ್ಲೂ, ಇದೇ ರಗಳೆ. ಮೇಜಿನ ಮೇಲೆ 9, 8, 7, ಜೊತೆಗೆ ಕೆಲಸಕ್ಕೆ ಬಾರದ ಎರಡು ಎಲೆ. ನನ್ನ ಹತ್ತಿರ ಇಸ್ಪೀಟ್ ಗುಲಾಮ, 10. ನಿಮ್ಮ ಹತ್ತಿರ ಕಳಾವರ್ ಗುಲಾಮ, 10. ಇಬ್ಬರದೂ ಗುಲಾಮನ ಸ್ಟ್ರೇಟ್. ಪಾಟ್ ಸಮ ಪಾಲು. ಹಂಚಿದಾಗ ಒಂದು ಚಿಪ್ ಉಳಿದರೆ ಬಟನ್‌ನ ಎಡಗಡೆ ಮೊದಲು ಸಿಗುವ ಪಾಲುದಾರರಿಗೆ ಅದು ಸೇರುತ್ತದೆ. ಅಲ್ಲೂ ಇಸ್ಪೀಟಿಗೆ ಮರ್ಯಾದೆ ಇಲ್ಲ.

ಹಾಗಾದರೆ ಈ ನಂಬಿಕೆ ಎಲ್ಲಿಂದ ಬಂತು? ಬ್ರಿಜ್‌ನಲ್ಲಿ ಬಿಡ್ ಹೇಳುವಾಗ ಇಸ್ಪೀಟ್ ಮೇಲೆ, ಕಳಾವರ್ ಕೆಳಗೆ, ನಿಜ. ಎಷ್ಟೋ ಮನೆಗಳಲ್ಲಿ ತೀನ್ ಪತ್ತಿ ಸಮ ಬಿದ್ದರೆ ಇಸ್ಪೀಟ್ ಇದ್ದವರಿಗೆ ಕೊಟ್ಟುಬಿಡುತ್ತಾರೆ. ಪೋಕರ್‌ನಲ್ಲೇ ಮೊದಲ ಬಟನ್ ಯಾರಿಗೆ ಅಂತ ಒಂದೊಂದು ಎಲೆ ಎಳೆದು ನೋಡುವಾಗ, ಸೆವೆನ್ ಕಾರ್ಡ್ ಸ್ಟಡ್‌ನಲ್ಲಿ ಮೊದಲು ಯಾರು ಕಟ್ಟಬೇಕು ಅಂತ ತೀರ್ಮಾನಿಸುವಾಗ ಜಾತಿ ನೋಡುವುದುಂಟು. ಅವೆಲ್ಲ ಆಟ ಶುರು ಮಾಡುವ ಏರ್ಪಾಡು. ಗೆಲುವಿಗೂ ಅದಕ್ಕೂ ಸಂಬಂಧವಿಲ್ಲ.

ಇಸ್ಪೀಟ್ ಎಕ್ಕದ ಮೇಲೆ ಮಾತ್ರ ಅಷ್ಟು ದೊಡ್ಡ ಚಿತ್ತಾರ ಯಾಕೆ, ಅದು ರಾಜಯೋಗದ ಎಲೆ ಅಂತ ತಾನೆ ಎಂದು ಕೇಳುವವರೂ ಇದ್ದಾರೆ. ಅಲ್ಲ. ಇಂಗ್ಲೆಂಡಿನಲ್ಲಿ ಹಿಂದೆ ಆಟದ ಎಲೆಗಳ ಮೇಲೆ ತೆರಿಗೆ ಇತ್ತು. ತೆರಿಗೆ ಕಟ್ಟಿದ ಗುರುತನ್ನು ಇಸ್ಪೀಟ್ ಎಕ್ಕದ ಮೇಲೆ ಹಾಕುತ್ತಿದ್ದರು. ತೆರಿಗೆ ಹೋಯಿತು, ಚಿತ್ತಾರ ಉಳಿಯಿತು. ಅದು ಕಿರೀಟ ಅಲ್ಲ, ರಸೀದಿ.

ಯಾರೂ ಕೇಳದಿದ್ದರೂ ಇನ್ನೊಂದು ವಿಷಯ ಹೇಳದೆ ಬಿಡಲಾರೆ. ತೀನ್ ಪತ್ತಿಯಲ್ಲಿ ಸೀಕ್ವೆನ್ಸ್ (ಸಾಲಾದ ಮೂರು ಎಲೆ) ಕಲರ್ ಅನ್ನು (ಒಂದೇ ಜಾತಿಯ ಮೂರು ಎಲೆ) ಹೊಡೆಯುತ್ತದೆ. ಪೋಕರ್‌ನಲ್ಲಿ ಉಲ್ಟಾ, ಫ್ಲಶ್ ಸ್ಟ್ರೇಟ್ ಅನ್ನು ಹೊಡೆಯುತ್ತದೆ. ಎರಡರಲ್ಲೂ ಅಪರೂಪದ್ದೇ ದೊಡ್ಡದು, ಯಾವುದು ಅಪರೂಪ ಅನ್ನುವುದು ಮಾತ್ರ ಬದಲಾಗುತ್ತದೆ. 7-8-9 ಅನ್ನುವ ಸಾಲನ್ನೇ ನೋಡಿ. ಪ್ರತಿ ಎಲೆಯೂ ನಾಲ್ಕರಲ್ಲಿ ಯಾವ ಜಾತಿಯಾದರೂ ನಡೆಯುತ್ತದೆ, ಆದ್ದರಿಂದ ಅದು 64 ಬಗೆಯಲ್ಲಿ ಬರಬಹುದು. ಐದು ಎಲೆಯ ಸಾಲು 1,024 ಬಗೆ. ಒಂದೇ ಏಟಿಗೆ 16 ಪಟ್ಟು. ಕಲರ್ ಹಾಗೆ ಏರುವುದಿಲ್ಲ. ಒಂದು ಜಾತಿಯ 13 ಎಲೆಗಳಲ್ಲಿ ಮೂರನ್ನು ಆರಿಸಲು 286 ದಾರಿ, ಐದನ್ನು ಆರಿಸಲು 1,287. ನಾಲ್ಕೂವರೆ ಪಟ್ಟು ಅಷ್ಟೇ. ಒಂದೇ ಜಾತಿಯ ಸೀಕ್ವೆನ್ಸ್‌ಗಳನ್ನು ಬಿಟ್ಟು ಎಣಿಸಿದರೆ ಮೂರೆಲೆಯಲ್ಲಿ ಸೀಕ್ವೆನ್ಸ್ 720, ಕಲರ್ 1,096. ಐದೆಲೆಯಲ್ಲಿ ಸ್ಟ್ರೇಟ್ 10,200, ಫ್ಲಶ್ 5,108. ಲೆಕ್ಕ ತಿರುಗಿತು, ನಿಯಮವೂ ತಿರುಗಿತು.

ಇದೇ ಲೆಕ್ಕ ಹಿಡಿದರೆ ತೀನ್ ಪತ್ತಿಯ ಟ್ರೇಲ್ (ಒಂದೇ ನಂಬರಿನ ಮೂರು ಎಲೆ) 52 ಬಗೆ, ಪ್ಯೂರ್ ಸೀಕ್ವೆನ್ಸ್ (ಒಂದೇ ಜಾತಿಯ ಸೀಕ್ವೆನ್ಸ್) 48. ನ್ಯಾಯವಾಗಿ ಪ್ಯೂರ್ ಸೀಕ್ವೆನ್ಸೇ ಮೇಲಿರಬೇಕಿತ್ತು. ಆದರೆ ಮೂರು ಎಕ್ಕ ಹಿಡಿದು ಕೂತವರ ಮುಂದೆ ಈ ಮಾತು ಎತ್ತಬೇಡಿ.

ಎಕ್ಕ-2-3 ಅನ್ನು ಎರಡನೇ ದೊಡ್ಡ ಸೀಕ್ವೆನ್ಸ್ ಅಂತ ಆಡಿ ಅಭ್ಯಾಸ ಆದವರಿಗೂ ಒಂದು ಮಾತು. ಪೋಕರ್‌ನಲ್ಲಿ ಎಕ್ಕ-2-3-4-5 ಎಲ್ಲಕ್ಕಿಂತ ಚಿಕ್ಕ ಸ್ಟ್ರೇಟ್. 2ರಿಂದ 6ರ ಸಾಲು ಕೂಡ ಅದನ್ನು ಹೊಡೆಯುತ್ತದೆ. ರಾಣಿ-ರಾಜ-ಎಕ್ಕ-2-3 ಅಂತ ಸುತ್ತು ಹಾಕಿಸುವುದಂತೂ ನಡೆಯುವುದೇ ಇಲ್ಲ.

ಕಲಿಯಲು ಹುಣಸೆ ಬೀಜ ಸಾಕು. ಫೋನಿನಲ್ಲಿ ದುಡ್ಡು ಕಟ್ಟಿ ಆಡುವ ಯೋಚನೆ ಇದ್ದರೆ ಬಿಟ್ಟುಬಿಡಿ. ದುಡ್ಡಿನ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನಿಗೆ 2025ರ ಆಗಸ್ಟ್‌ನಲ್ಲೇ ಸಂಸತ್ತು ಒಪ್ಪಿಗೆ ಕೊಟ್ಟಿದೆ. ಮತ್ತೆ, ಮೊನ್ನೆ ಎಳೆದುಕೊಂಡ ಆ ಪಾಟ್ ವಿಷಯ ಗೆಳೆಯನ ಹತ್ತಿರ ಒಮ್ಮೆ ಮಾತಾಡಿ.