ಸಣ್ಣ ಕಾರಿಗೆ ದೊಡ್ಡ ಎಂಜಿನ್: ಕೊಳ್ಳುವ ಮೊದಲು ಮಾಡಬೇಕಾದ ಗೇರ್ ಲೆಕ್ಕ

ಹುಬ್ಬಳ್ಳಿಯಲ್ಲಿ ಆಟೋಕ್ರಾಸ್ (ಬಯಲಿನಲ್ಲಿ ಕೋನ್ ಸುತ್ತುತ್ತಾ ಗಡಿಯಾರದ ವಿರುದ್ಧ ಗಾಡಿ ಓಡಿಸುವ ಸ್ಪರ್ಧೆ) ಹುಚ್ಚು ಹಿಡಿದವರು ನಾಲ್ಕು ಜನ ಸೇರಿದರೆ ಮಾತು ಎಂಜಿನ್ ಸ್ವಾಪ್‌ಗೆ ಬಂದೇ ಬರುತ್ತದೆ. ಹಳೆ ಮಾರುತಿ ಝೆನ್ ಒಂದು ಸಿಕ್ಕಿದೆ, ಅದಕ್ಕೆ ಎಸ್ಟೀಮ್‌ನ 1.3 ಎಂಜಿನ್ ಕೂರಿಸಿದರೆ ಹೇಗೆ? ಪ್ರಶ್ನೆ ಹಳೆಯದೇ. ಎಂಜಿನ್ ಬಗ್ಗೆ ಎಲ್ಲರೂ ಹೇಳುತ್ತಾರೆ. ಅದರ ಪಕ್ಕ ಕೂರುವ ಗೇರ್‌ಬಾಕ್ಸ್ ಬಗ್ಗೆ ಹೇಳುವವರು ಕಡಿಮೆ. ಈ ಟಿಪ್ಪಣಿಯ ಮುಕ್ಕಾಲು ಪಾಲು ಆ ಗೇರ್‌ಬಾಕ್ಸ್ ಬಗ್ಗೆಯೇ ಇದೆ. ಎಂಜಿನ್ ಇಳಿಸೋದು, ಏರಿಸೋದು, ಕ್ಲಚ್ ಕೂರಿಸೋದು ಗೊತ್ತಿದೆ ಅಂದುಕೊಂಡು ಬರೆದಿದ್ದೇನೆ.

ಯಾಕೆ ಇದೇ ಜೋಡಿ

ಝೆನ್‌ನ ಎಂಜಿನ್ ಜಿ10ಬಿ, 993 ಸಿಸಿ. 16 ವಾಲ್ವ್ ಎಸ್ಟೀಮ್‌ನದು ಜಿ13ಬಿಬಿ, 1298 ಸಿಸಿ. ಎರಡೂ ಸುಜುಕಿಯ ಒಂದೇ ಜಿ ಸರಣಿ, ಎರಡಕ್ಕೂ ನಾಲ್ಕು ಸಿಲಿಂಡರ್, ಎರಡೂ ಅಲ್ಯೂಮಿನಿಯಂ ಬ್ಲಾಕ್. ಜಿ10ಬಿಯ ಬೋರ್ (ಸಿಲಿಂಡರ್‌ನ ಅಗಲ) 72 ಮಿಮೀ, ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಹೋಗುವ ದೂರ) 61 ಮಿಮೀ. ಜಿ13ಬಿಬಿಯ ಬೋರ್ 74, ಸ್ಟ್ರೋಕ್ 75.5. ಬೋರ್ ಬೆಳೆದದ್ದು ಬರೀ 2 ಮಿಮೀ, ಸ್ಟ್ರೋಕ್ 14.5 ಮಿಮೀ. ಅಂದರೆ ಹೆಚ್ಚಾದ 305 ಸಿಸಿ ಬಹುಪಾಲು ಸ್ಟ್ರೋಕ್‌ನಿಂದಲೇ ಬಂದದ್ದು. ಉದ್ದ ಸ್ಟ್ರೋಕ್ ಇದ್ದರೆ ಪಿಸ್ಟನ್‌ನ ವೇಗವೂ ಜಾಸ್ತಿ. ಹಾಗಾಗಿ ಸಣ್ಣ ಎಂಜಿನ್ ಎಳೆದ ಹಾಗೆ ಇದನ್ನೂ ಕಿರುಚುವವರೆಗೆ ಎಳೆಯುವ ಆಸೆ ಬೇಡ.

ಝೆನ್ ಎಂಪಿಎಫ್‌ಐ (ಇಂಜೆಕ್ಟರ್‌ನಿಂದ ಪೆಟ್ರೋಲ್ ಚಿಮ್ಮಿಸುವ ಮಾದರಿ) ಸುಮಾರು 60 ಬಿಎಚ್‌ಪಿ, 16 ವಾಲ್ವ್ ಎಸ್ಟೀಮ್ ಸುಮಾರು 85. ಅದೇ ಮನೆತನದ 1.3 ಎಂಜಿನ್ ಜಿಪ್ಸಿ ಕಿಂಗ್‌ನಲ್ಲೂ 2005ರ ಮೊದಲ ಸ್ವಿಫ್ಟ್‌ನಲ್ಲೂ ಇತ್ತು. ಅದಕ್ಕೇ ಬಿಡಿಭಾಗ ಸಿಗುತ್ತದೆ, ಕೈ ಹಾಕಲು ಹೆದರದ ಮಿಸ್ತ್ರಿಯೂ ಸಿಗುತ್ತಾರೆ. ನನ್ನ ಮಟ್ಟಿಗೆ ಈ ಜೋಡಿಯ ದೊಡ್ಡ ಗುಣ 85 ಬಿಎಚ್‌ಪಿ ಅಲ್ಲ, ಇದೇ.

ಬಾಕ್ಸ್ ಯಾರದು?

ಎಂಜಿನ್ ಎಸ್ಟೀಮ್‌ನದು ಸರಿ. ಬಾಕ್ಸ್ ಝೆನ್‌ನದೇ ಇರಲೋ, ಎಂಜಿನ್ ಜೊತೆ ಬಂದದ್ದನ್ನೇ ಹಾಕೋದೋ? ಗುಜರಿಯಲ್ಲಿ ಕೇಳಿದರೆ "ಎಲ್ಲಾ ಒಂದೇ ರೀ" ಅನ್ನುತ್ತಾರೆ. ಹೊರಗಿನಿಂದ ನೋಡಿದರೆ ಒಂದೇ, ನಿಜ. ಒಳಗಿನ ಫೈನಲ್ ಡ್ರೈವ್, ಅಂದರೆ ಗಾಲಿಗೆ ಹೋಗುವ ಮೊದಲಿನ ಕೊನೆಯ ಗೇರ್ ಜೋಡಿ, ಬೇರೆ ಇರಬಹುದು. ಅದೊಂದು ಬೇರೆಯಾದರೆ ಐದೂ ಗೇರ್ ಬೇರೆಯಾದ ಹಾಗೆ.

ಮೊದಲು ಬೇಕಾದ ಸೂತ್ರ ಇಷ್ಟೇ (ಟಾರ್ಕ್ ಅಂದರೆ ತಿರುಗಿಸುವ ಬಲ):

ಗಾಲಿಯ ಟಾರ್ಕ್ = ಎಂಜಿನ್ ಟಾರ್ಕ್ × ಗೇರ್ × ಫೈನಲ್ ಡ್ರೈವ್
ನೆಲವನ್ನು ತಳ್ಳುವ ಬಲ = ಗಾಲಿಯ ಟಾರ್ಕ್ ÷ ಗಾಲಿಯ ತ್ರಿಜ್ಯ

ಲೆಕ್ಕಕ್ಕೆ ಅಂತ ದುಂಡು ಅಂಕಿ ಇಟ್ಟುಕೊಂಡಿದ್ದೇನೆ. ನಿಮ್ಮ ಗಾಡಿಯ ನಿಜವಾದ ಅಂಕಿ ಸರ್ವಿಸ್ ಮ್ಯಾನುಯಲ್‌ನಿಂದ ತೆಗೆದುಕೊಳ್ಳಿ. ಸಣ್ಣ ಎಂಜಿನ್ 75 ನ್ಯೂಟನ್ ಮೀಟರ್, ದೊಡ್ಡದು 110. ಮೊದಲನೇ ಗೇರ್ 3.4, ಎರಡನೇದು 1.9, ಮೂರನೇದು 1.28, ಫೈನಲ್ 4.4. ಟೈರ್ 145/70 ಆರ್13, ಅಂದರೆ ವ್ಯಾಸ 533 ಮಿಮೀ, ತ್ರಿಜ್ಯ 0.267 ಮೀಟರ್, ಒಂದು ಸುತ್ತಿಗೆ 1.675 ಮೀಟರ್ ದಾರಿ.

ಎರಡನೇ ಗೇರ್‌ನಲ್ಲಿ ಒಟ್ಟು ಅನುಪಾತ 1.9 × 4.4 = 8.36. ಸಣ್ಣ ಎಂಜಿನ್‌ನಿಂದ ಗಾಲಿಗೆ 627 ನ್ಯೂಟನ್ ಮೀಟರ್, ನೆಲಕ್ಕೆ ಸುಮಾರು 2350 ನ್ಯೂಟನ್. ದೊಡ್ಡದರಿಂದ 920, ನೆಲಕ್ಕೆ 3440. ಈಗ ಬಾಕ್ಸ್ ಬದಲಾಗಿ ಫೈನಲ್ 4.0 ಆಯಿತು ಅನ್ನಿ. ಅದೇ ದೊಡ್ಡ ಎಂಜಿನ್ ಕೊಡೋದು 3130 ಮಾತ್ರ. ದುಡ್ಡು ಕೊಟ್ಟು ತಂದ 1090 ನ್ಯೂಟನ್ ಲಾಭದಲ್ಲಿ 310 ಬಾಕ್ಸ್‌ನಲ್ಲೇ ಸೋರಿಹೋಯಿತು. ಬದಲಿಗೆ ಸಿಕ್ಕಿದ್ದು ಏನು? 6500 ಆರ್‌ಪಿಎಂನಲ್ಲಿ ಎರಡನೇ ಗೇರ್ 78 ಕಿಮೀಗೆ ಮುಗಿಯುತ್ತಿದ್ದದ್ದು 86ಕ್ಕೆ ಮುಗಿಯುತ್ತದೆ. ಕೋನ್ ಸುತ್ತುವ ಆಟದಲ್ಲಿ ಆ 8 ಕಿಮೀ ಯಾವಾಗ ಬೇಕಾಗುತ್ತದೆ ಅಂತ ಟ್ರ್ಯಾಕ್ ನೋಡಿಯೇ ಹೇಳಬೇಕು.

ಟೈರ್ ಕೂಡ ಗೇರೇ. 175/70 ಆರ್13 ಹಾಕಿದರೆ ವ್ಯಾಸ 575 ಮಿಮೀ. ಸುಮಾರು ಶೇ. 8 ದೊಡ್ಡದು, ಅಷ್ಟೇ ಬಲ ಕಡಿಮೆ. ಅಗಲ ಟೈರ್ ಚಂದ ಕಾಣುತ್ತದೆ ಅಂತ ಹಾಕಿ, ಎಂಜಿನ್ ಎಳೀತಿಲ್ಲ ಅಂತ ಗೊಣಗುವವರಿಗೆ ಇದೇ ಉತ್ತರ.

ಬಾಕ್ಸ್ ಅಳೆಯೋದು: ಅರ್ಧ ಉತ್ತರ ಯಾಕೆ ಬರುತ್ತದೆ

ನನ್ನ ತಲೆ ನಿಂತದ್ದು ಇಲ್ಲಿ. ಅದಕ್ಕೇ ನಿಧಾನವಾಗಿ ಬರೆಯುತ್ತೇನೆ.

ಬಾಕ್ಸ್ ಬಿಚ್ಚದೆ ಫೈನಲ್ ತಿಳಿಯಬೇಕು. ದಾರಿ ಸುಲಭ ಅನ್ನಿಸುತ್ತದೆ. ಒಂದು ಮುಂದಿನ ಗಾಲಿಗೆ ಜಾಕ್ ಕೊಡಿ, ಸ್ಪಾರ್ಕ್ ಪ್ಲಗ್ ಬಿಚ್ಚಿ, ನಾಲ್ಕನೇ ಗೇರ್ ಹಾಕಿ, ಗಾಲಿಯನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ. ಕ್ರ್ಯಾಂಕ್ ಪುಲ್ಲಿ (ಎಂಜಿನ್ ಜೊತೆಗೇ ತಿರುಗುವ ಹೊರಗಿನ ಚಕ್ರ) ಎಷ್ಟು ಸುತ್ತು ತಿರುಗಿತು ಎಣಿಸಿ. ನಾಲ್ಕನೇ ಗೇರ್ 0.91, ಫೈನಲ್ 4.4 ಆದರೆ ಉತ್ತರ 4 ಬರಬೇಕು ಅಲ್ವಾ? ಬರೋದು 2. ಪುಲ್ಲಿಯ ಮೇಲಿನ ಚಾಕ್ ಗುರುತು ಎರಡು ಸಲ ಮೇಲೆ ಬಂದು ನಿಂತುಬಿಡುತ್ತದೆ. ಫೈನಲ್ 2.2 ಇರುವ ಝೆನ್ ಲೋಕದಲ್ಲೇ ಇಲ್ಲ.

ಗೋಕುಲ ರಸ್ತೆಯ ಗ್ಯಾರೇಜಿನಲ್ಲಿ ಮಿಸ್ತ್ರಿ ಒಂದೇ ಮಾತಿನಲ್ಲಿ ಮುಗಿಸಿದರು: "ಒಂದು ಗಾಲಿ ನೆಲದ ಮ್ಯಾಲೆ ಐತಿ ನೋಡ್ರಿ. ಎರಡು ಸುತ್ತು ತಿರುವ್ರಿ." ಎರಡು ಸುತ್ತು ತಿರುಗಿಸಿದರೆ ಸರಿಯಾಗಿ 4 ಬಂತು. ಆದರೆ ಯಾಕೆ ಅನ್ನೋದು ಕಾಗದದ ಮೇಲೆ ಬರೆಯುವವರೆಗೆ ಹೊಳೆಯಲಿಲ್ಲ.

ಕಾರಣ ಡಿಫರೆನ್ಷಿಯಲ್, ಅಂದರೆ ಎರಡು ಗಾಲಿ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆ. ಅದರಲ್ಲಿ ರಿಂಗ್ ಗೇರ್ (ಫೈನಲ್ ಡ್ರೈವ್‌ನ ದೊಡ್ಡ ಗೇರ್) ತಿರುಗುವ ಸುತ್ತು ಯಾವಾಗಲೂ ಎರಡು ಗಾಲಿಗಳ ಸುತ್ತಿನ ಸರಾಸರಿ:

ರಿಂಗ್ ಸುತ್ತು = (ಎಡ ಗಾಲಿ ಸುತ್ತು + ಬಲ ಗಾಲಿ ಸುತ್ತು) ÷ 2

ಗಾಡಿ ನೇರ ಓಡುವಾಗ ಎಡ 1, ಬಲ 1. ಸರಾಸರಿ 1. ಗಾಲಿ ಒಂದು ಸುತ್ತಿದರೆ ರಿಂಗ್ ಒಂದು ಸುತ್ತು, ಯಾವ ಗೊಂದಲವೂ ಇಲ್ಲ. ಜಾಕ್ ಮೇಲೆ ಹಾಗಲ್ಲ. ನೆಲದ ಮೇಲಿನ ಗಾಲಿ 0, ಎತ್ತಿದ ಗಾಲಿ 1. ಸರಾಸರಿ ಅರ್ಧ. ಅಂದರೆ ರಿಂಗ್ ತಿರುಗಿದ್ದೇ ಅರ್ಧ ಸುತ್ತು, ಕ್ರ್ಯಾಂಕ್ ಅದಕ್ಕೆ ತಕ್ಕಂತೆ 2. ಎತ್ತಿದ ಗಾಲಿಯನ್ನು ಎರಡು ಸುತ್ತು ತಿರುಗಿಸಿದಾಗ (0 + 2) ÷ 2 = 1. ಆಗ ರಿಂಗ್ ಪೂರ್ತಿ ಒಂದು ಸುತ್ತು ಬರುತ್ತದೆ.

ಎರಡೂ ಗಾಲಿ ಎತ್ತಿದರೆ ಸರಿಹೋಗುತ್ತದೆ ಅಂದುಕೊಂಡರೆ ಇನ್ನೊಂದು ಕಿತಾಪತಿ. ಈ ಕಡೆ ಮುಂದಕ್ಕೆ ತಿರುಗಿಸಿದರೆ ಆ ಕಡೆಯದು ತನ್ನ ಪಾಡಿಗೆ ಹಿಂದಕ್ಕೆ ತಿರುಗುತ್ತದೆ, ಕ್ರ್ಯಾಂಕ್ ಅಲ್ಲಾಡೋದೇ ಇಲ್ಲ. ಸೂತ್ರಕ್ಕೆ ಹಾಕಿ ನೋಡಿ: +1 ಮತ್ತು −1, ಸರಾಸರಿ ಸೊನ್ನೆ. ಎಂಜಿನ್ ತಿರುಗಿಸುವುದಕ್ಕಿಂತ ಆಚೆ ಗಾಲಿ ತಿರುಗಿಸೋದು ಸುಲಭ, ಅದಕ್ಕೇ ಹಾಗೆ. ಇಲ್ಲಿ ಗಾಬರಿಯಾಗಿ ಗೇರ್ ಬಿದ್ದಿಲ್ಲ ಅಂತ ಲಿವರ್ ಎಳೆದಾಡಬೇಡಿ. ಆಚೆ ಗಾಲಿ ಹಿಡಿದುಕೊಳ್ಳಲು ಒಬ್ಬರನ್ನು ನಿಲ್ಲಿಸಿ.

ಗುಜರಿಯಲ್ಲಿ ನೆಲದ ಮೇಲೆ ಬಿದ್ದಿರುವ ಬಾಕ್ಸ್‌ಗೂ ಇದೇ ನಿಯಮ. ಒಂದು ಗೇರ್ ಹಾಕಿ, ಎರಡೂ ಬದಿ ಹಳೆ ಆಕ್ಸಲ್ ತುಂಡು ಹಾಕಿ. ಒಂದನ್ನು ಗಟ್ಟಿ ಹಿಡಿಸಿ, ಇನ್ನೊಂದಕ್ಕೆ ಚಾಕ್ ಗೀಟು ಎಳೆಯಿರಿ. ಇನ್‌ಪುಟ್ ಶಾಫ್ಟ್ (ಎಂಜಿನ್ ಕಡೆಯ ದಂಡ) ತಿರುಗಿಸುತ್ತಾ ಗೀಟು ಹಾಕಿದ ಬದಿ 20 ಸುತ್ತು ಬರುವವರೆಗೆ ಎಣಿಸಿ. ಆ 20 ಸುತ್ತು ಅಂದರೆ ರಿಂಗ್‌ನ 10 ಸುತ್ತು. ಇನ್‌ಪುಟ್ ಸುತ್ತನ್ನು 10ರಿಂದ ಭಾಗಿಸಿ. ಒಂದೆರಡೇ ಸುತ್ತು ಎಣಿಸಿದರೆ 4.4 ಯಾವುದು, 4.2 ಯಾವುದು ಗೊತ್ತಾಗೋಲ್ಲ. 20 ಎಣಿಸಿದರೆ ಪಾವು ಸುತ್ತಿನ ತಪ್ಪು ಕೂಡ ಎರಡನೇ ದಶಾಂಶಕ್ಕೆ ಇಳಿಯುತ್ತದೆ. ಬಂದ ಒಟ್ಟು ಅನುಪಾತವನ್ನು ಆ ಗೇರ್‌ನ ಅಂಕಿಯಿಂದ ಭಾಗಿಸಿದರೆ ಫೈನಲ್. ಬಾಕ್ಸ್ ಹೇಗೂ ಬಿಚ್ಚಿದೆ ಅಂದರೆ ಇಷ್ಟೆಲ್ಲ ಬೇಡ, ರಿಂಗ್‌ನ ಹಲ್ಲನ್ನು ಅದನ್ನು ತಿರುಗಿಸುವ ಸಣ್ಣ ಗೇರ್ ಪಿನಿಯನ್‌ನ ಹಲ್ಲಿನಿಂದ ಭಾಗಿಸಿ.

ಇದೇ ಸರಾಸರಿ ಸೂತ್ರ ಟ್ರ್ಯಾಕ್ ಮೇಲೂ ಕಾಡುತ್ತದೆ. ತಿರುವಿನಲ್ಲಿ ಒಳಗಿನ ಮುಂದಿನ ಗಾಲಿ ಹಗುರಾಗಿ ಜಾರಿದರೆ ಎಂಜಿನ್‌ನ ಸುತ್ತೆಲ್ಲ ಆ ಗಾಲಿಗೇ ಹೋಗುತ್ತದೆ, ಹೊರಗಿನದು ಸುಮ್ನೆ ಉರುಳುತ್ತದೆ. ಜಾಕ್ ಮೇಲೆ ಎತ್ತಿದ ಗಾಲಿಯ ಕಥೆಯೇ. ದೊಡ್ಡ ಎಂಜಿನ್ ಹಾಕಿದ ಮೇಲೆ ಜನ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ (ಒಂದೇ ಗಾಲಿ ಸುಮ್ನೆ ತಿರುಗದಂತೆ ತಡೆಯುವಂಥದ್ದು) ಹುಡುಕೋದು ಇದಕ್ಕೇ.

ಮಣ್ಣು ಎಷ್ಟು ಬಲ ತಡೆಯುತ್ತದೆ

ನೆಲ ತಡೆಯುವ ಬಲಕ್ಕೂ ಮಿತಿ ಇದೆ. ಗಾಡಿ 750 ಕೆಜಿ, ಡ್ರೈವರ್ 70, ಒಟ್ಟು 820. ಅದರಲ್ಲಿ ಶೇ. 60 ಮುಂದಿನ ಗಾಲಿಗಳ ಮೇಲೆ, ಅಂದರೆ ಸುಮಾರು 4830 ನ್ಯೂಟನ್ ಭಾರ. ಒಣ ಗರಸಿನ ಮೇಲೆ ಘರ್ಷಣೆಯ ಗುಣಾಂಕ 0.5 ಅಂತ ಹಿಡಿಯೋಣ. ಗಾಲಿ ಜಾರದೆ ತಳ್ಳಬಹುದಾದದ್ದು ಸುಮಾರು 2400 ನ್ಯೂಟನ್.

ಈಗ ಮೇಲಿನ ಲೆಕ್ಕಕ್ಕೆ ಹೋಗಿ. ಸಣ್ಣ ಎಂಜಿನ್ ಎರಡನೇ ಗೇರ್‌ನಲ್ಲೇ 2350 ಕೊಡುತ್ತಿತ್ತು! ಮೊದಲನೇ ಗೇರ್‌ನಲ್ಲಂತೂ 4200. ಅಂದರೆ ಗರಸಿನ ಮೇಲೆ ಹಳೆ ಎಂಜಿನ್ನೇ ನೆಲದ ಮಿತಿ ಮುಟ್ಟಿಯಾಗಿದೆ. ಎರಡನೇ ಗೇರ್‌ನಲ್ಲಿ 3440 ಕೊಟ್ಟರೆ ಹೆಚ್ಚಿನ 1000 ನ್ಯೂಟನ್ ಧೂಳೆಬ್ಬಿಸಲಿಕ್ಕೆ. ಗಾಡಿ ಮುನ್ನುಗ್ಗುವಾಗ ಭಾರ ಹಿಂದಕ್ಕೆ ಜರುಗುತ್ತದೆ, ಮುಂದಿನ ಗಾಲಿ ಇನ್ನೂ ಹಗುರ. ಹಾಗಾಗಿ ನಿಜವಾದ ಮಿತಿ 2400ಕ್ಕಿಂತಲೂ ಕೆಳಗೆ.

ಹಾಗಾದರೆ ಸ್ವಾಪ್ ದಂಡವಾ? ಅಲ್ಲ. ಲಾಭ ಮೂರನೇ ಗೇರ್‌ನಲ್ಲಿದೆ. ಒಟ್ಟು ಅನುಪಾತ 1.28 × 4.4 = 5.63. ಅಲ್ಲಿ ಸಣ್ಣ ಎಂಜಿನ್ 1580, ದೊಡ್ಡದು 2320. ದೊಡ್ಡ ಎಂಜಿನ್‌ನ ಮೂರನೇ ಗೇರ್ ಸಣ್ಣದರ ಎರಡನೇ ಗೇರ್‌ಗೆ ಸಮ, ಮತ್ತು ಎರಡೂ ಮಣ್ಣಿನ ಮಿತಿಯ ಹತ್ತಿರವೇ ಇವೆ. 60 ಕಿಮೀ ವೇಗದಲ್ಲಿ ಎರಡನೇ ಗೇರ್ ಅಂದರೆ 5000 ಆರ್‌ಪಿಎಂ, 78ಕ್ಕೆ ಮುಗಿಯಿತು, ಗೇರ್ ಬದಲಿಸಲೇಬೇಕು. ಮೂರನೇದರಲ್ಲಿ ಅದೇ 60ಕ್ಕೆ 3360 ಆರ್‌ಪಿಎಂ. 116ರವರೆಗೆ ಜಾಗ ಇದೆ. ಒಂದೇ ಗೇರ್‌ನಲ್ಲಿ ಇಡೀ ಸುತ್ತು ಮುಗಿಸಬಹುದು. ಮಣ್ಣಿನ ಟ್ರ್ಯಾಕ್‌ನಲ್ಲಿ ಸಮಯ ಉಳಿಯೋದು ಹೀಗೆ. ಸ್ಟಾರ್ಟ್‌ನಲ್ಲಿ ಗಾಲಿ ಕಿರುಚಿಸೋದರಿಂದ ಅಲ್ಲ.

ಡಾಂಬರಿನ ಮೇಲೆ ಲೆಕ್ಕ ಬೇರೆ. ಗುಣಾಂಕ 0.9 ಹಿಡಿದರೆ ಮಿತಿ 4340 ನ್ಯೂಟನ್, ಆಗ ಎರಡನೇ ಗೇರ್‌ನ 3440 ಪೂರ್ತಿ ಕೆಲಸಕ್ಕೆ ಬರುತ್ತದೆ. ಇನ್ನು ನಮ್ಮ ಎರೆ ಮಣ್ಣಿಗೆ ಒಂದು ಮಳೆ ಬಿತ್ತು ಅಂದರೆ ಯಾವ ಲೆಕ್ಕವೂ ಬೇಡ. ಟೈರ್‌ಗೆ ಮೆತ್ತಿಕೊಂಡ ಮಣ್ಣು ವೀಲ್ ಆರ್ಚ್ ತುಂಬಿಸುತ್ತದೆ, ಗಾಡಿ ನಿಂತಲ್ಲೇ ನಿಲ್ಲುತ್ತದೆ. ಗದಗ ಕಡೆಯ ಹೊಲದಲ್ಲಿ ಪ್ರ್ಯಾಕ್ಟೀಸ್ ಮಾಡುವ ಯೋಚನೆ ಇದ್ದರೆ ಇದು ನೆನಪಿರಲಿ.

ಉಳಿದದ್ದು, ಚುಟುಕಾಗಿ

ಬಾನೆಟ್ ಎತ್ತರ: ಎಂಜಿನ್ ಕೂರಿಸಿ, ಮೇಲಿನ ಎತ್ತರದ ಜಾಗಗಳಲ್ಲಿ ಚಪಾತಿ ಹಿಟ್ಟಿನ ಉಂಡೆ ಇಟ್ಟು, ಬಾನೆಟ್ ಮುಚ್ಚಿ ತೆಗೆಯಿರಿ. ಚಪ್ಪಟೆಯಾದ ಉಂಡೆ ಎಷ್ಟು ದಪ್ಪ ಉಳಿದಿದೆಯೋ ಅಷ್ಟೇ ನಿಮಗಿರುವ ಜಾಗ. ಎಂಜಿನ್ ಮೌಂಟಿಂಗ್ ರಬ್ಬರ್ ಮೇಲೆ ಅಲುಗಾಡುತ್ತದೆ, ಅದಕ್ಕೂ ಜಾಗ ಬಿಡಿ.

ಆಕ್ಸಲ್: ಸ್ಪ್ಲೈನ್ (ಆಕ್ಸಲ್ ತುದಿಯ ಉದ್ದ ಗೀರುಗಳ) ಹಲ್ಲು ಎಣಿಸಿ. ಆಮೇಲೆ ಗಾಲಿ ಪೂರ್ತಿ ಕೆಳಗೆ ಜೋತಾಗ ಒಮ್ಮೆ, ಪೂರ್ತಿ ಮೇಲೆ ಒತ್ತಿದಾಗ ಒಮ್ಮೆ ಒಳಗಿನ ಜಾಯಿಂಟ್ ನೋಡಿ. ಕೆಳಗಿದ್ದಾಗ ಕಳಚಬಾರದು, ಮೇಲಿದ್ದಾಗ ತಳಕ್ಕೆ ತಾಗಬಾರದು. ಎಂಜಿನ್ 20 ಮಿಮೀ ಒಂದು ಬದಿಗೆ ಜರುಗಿದರೂ ಒಂದು ಆಕ್ಸಲ್ ಗಿಡ್ಡ, ಇನ್ನೊಂದು ಉದ್ದ ಆಗುತ್ತದೆ.

ಪೆಟ್ರೋಲ್: ಕಾರ್ಬ್ಯುರೇಟರ್ ಗಾಡಿಗೆ ಎಂಪಿಎಫ್‌ಐ ಎಂಜಿನ್ ಹಾಕುವುದಾದರೆ ಹಳೆ ಪಂಪ್ ನಡೆಯೋಲ್ಲ. ಇಂಜೆಕ್ಟರ್‌ಗೆ ಸುಮಾರು 3 ಬಾರ್ ಒತ್ತಡ ಬೇಕು. ಪೈಪ್, ಕ್ಲಿಪ್ ಎಲ್ಲ ಅದಕ್ಕೆ ತಾಳುವಂಥದ್ದೇ ಇರಲಿ. ವೈರಿಂಗ್ ಮತ್ತು ಇಸಿಎಂ (ಎಂಜಿನ್ ನಡೆಸುವ ಕಂಪ್ಯೂಟರ್) ಎಂಜಿನ್ ಜೊತೆಗೇ ಪೂರ್ತಿ ತಗೊಳ್ಳಿ. ಕತ್ತರಿಸಿದ ವೈರಿಂಗ್ ಅಗ್ಗಕ್ಕೆ ಸಿಕ್ಕಿದರೂ ಬೇಡ.

ಬ್ರೇಕ್: ಗಾಡಿಯ ಚಲನ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. 78ರಿಂದ 86ಕ್ಕೆ ಹೋದರೆ ವೇಗ ಹೆಚ್ಚಿದ್ದು ಶೇ. 10, ಡಿಸ್ಕ್ ನುಂಗಬೇಕಾದ ಶಾಖ ಹೆಚ್ಚಿದ್ದು ಶೇ. 21ಕ್ಕೂ ಮೇಲೆ. 1959ರ ಮಿನಿ 848 ಸಿಸಿ. ಅದನ್ನು 1961ರಲ್ಲಿ 997 ಸಿಸಿ ಕೂಪರ್ ಮಾಡಿದಾಗ ಮುಂದೆ ಡಿಸ್ಕ್ ಬ್ರೇಕ್ ಕೂಡ ಕೊಟ್ಟರು. 149 ಸಿಸಿ ಹೆಚ್ಚಿಸಿದವರೇ ಅಷ್ಟು ಯೋಚಿಸಿದ್ದರು, ನಾವು ಹೆಚ್ಚಿಸುತ್ತಿರೋದು 305.

ಕ್ಲಾಸ್: ಸ್ಪರ್ಧೆಯಲ್ಲಿ ಗಾಡಿಗಳನ್ನು ಸಿಸಿ ನೋಡಿ ವಿಂಗಡಿಸುತ್ತಾರೆ. ಎಂಜಿನ್ ಬದಲಾದರೆ ಕ್ಲಾಸ್ ಬದಲಾಗುತ್ತದೆ, ಎದುರಾಳಿಗಳೂ ಬದಲಾಗುತ್ತಾರೆ. ಸ್ಟಾಕ್ ಕ್ಲಾಸ್‌ನಲ್ಲಿ, ಅಂದರೆ ಕಂಪನಿಯಿಂದ ಬಂದ ಹಾಗೇ ಇರುವ ಗಾಡಿಗಳ ವಿಭಾಗದಲ್ಲಿ, ಸ್ವಾಪ್ ಗಾಡಿಗೆ ಜಾಗವೇ ಇರೋಲ್ಲ. ಎಫ್‌ಎಂಎಸ್‌ಸಿಐ (ದೇಶದ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ಗಳ ಒಕ್ಕೂಟ) ಅನುಮತಿ ಇರುವ ಸ್ಪರ್ಧೆಗೆ ಪ್ರತಿ ಸಲವೂ ನಿಯಮ ಪುಸ್ತಕ ಹೊರಡಿಸುತ್ತಾರೆ. ಎಂಜಿನ್ ಕೊಳ್ಳುವ ಮೊದಲೇ ಅದನ್ನು ಓದಿ. ರೋಲ್ ಕೇಜ್, ಬೆಂಕಿ ಆರಿಸುವ ಸಿಲಿಂಡರ್, ಹೆಲ್ಮೆಟ್ ಬಗ್ಗೆಯೂ ಅದರಲ್ಲೇ ಇರುತ್ತದೆ.

ರಸ್ತೆ: 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಬದಲಾವಣೆ ಮಾಡುವ ಹಾಗಿಲ್ಲ. ಸುಪ್ರೀಂ ಕೋರ್ಟ್ ಕೂಡ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂ ಅಡಿ, ಮಾಲೀಕರಿಗೆ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಹಾಗಾಗಿ ಸ್ವಾಪ್ ಮಾಡಿದ ಝೆನ್ ಗ್ಯಾರೇಜಿನಿಂದ ಟ್ರ್ಯಾಕ್‌ಗೆ ಹೋಗೋದು ಇನ್ನೊಂದು ಗಾಡಿಯ ಬೆನ್ನ ಮೇಲೆ. ಬಜೆಟ್ ಬರೆಯುವಾಗ ಆ ಬಾಡಿಗೆಯನ್ನೂ ಎಂಜಿನ್ ಬೆಲೆಯ ಪಕ್ಕದಲ್ಲೇ ಬರೆದುಕೊಳ್ಳಿ.