ನೋಡಿ ಕಲಿಯುವವರು, ಮಾಡಿ ಕಲಿಯುವವರು: ಕಲಿಕೋಪಕರಣ ತಯಾರಿಸುವಾಗ ಏನು ಗಮನಿಸಬೇಕು?

ಬಿ.ಇಡಿ., ಡಿ.ಇಎಲ್.ಇಡಿ. ಶಿಕ್ಷಕ ತರಬೇತಿ ಓದುತ್ತಿರುವವರಿಗೆ ಕಲಿಕೆಯ ಒಲವುಗಳ ಪಾಠ ಬಂದೇ ಬರುತ್ತದೆ. ವಾರ್ಕ್ ಮಾದರಿಯ ನಾಲ್ಕು ಹೆಸರು ಬಾಯಿಪಾಠ ಮಾಡಿ ಮುಂದೆ ಹೋಗುವವರೇ ಜಾಸ್ತಿ. ಆದರೆ ನಾಳೆ ಧಾರವಾಡದ್ದೋ ಕುಂದಗೋಳದ್ದೋ ಒಂದು ಶಾಲೆಯಲ್ಲಿ ಪಾಠಕ್ಕೆ ನಿಂತಾಗ ಕೈಯಲ್ಲಿ ಕೆಲಸಕ್ಕೆ ಬರುವ ಉಪಕರಣ ಇರಬೇಕಲ್ವಾ? ಈ ಟಿಪ್ಪಣಿ ಅದಕ್ಕೆ.

ಥಿಯರಿ ಬೇಗ ಮುಗಿಸೋಣ. ನ್ಯೂಜಿಲೆಂಡಿನ ನೀಲ್ ಫ್ಲೆಮಿಂಗ್ 1987ರಲ್ಲಿ ವಾರ್ಕ್ ಪ್ರಶ್ನಾವಳಿ ಮಾಡಿದರು. ನೋಡಿ, ಕೇಳಿ, ಓದಿ-ಬರೆದು, ಮಾಡಿ ಕಲಿಯುವುದು ಅಂತ ನಾಲ್ಕು ಒಲವು. ಅವರ ಲೆಕ್ಕದಲ್ಲಿ 'ನೋಡಿ' ಅಂದರೆ ನಕ್ಷೆ, ಚಾರ್ಟು, ಗ್ರಾಫು, ಬಾಣದ ಗುರುತು. ಸುಮ್ನೆ ಒಂದು ವಿಡಿಯೊ ಹಾಕಿದರೆ ಅದರಲ್ಲಿ ಸೇರುವುದಿಲ್ಲ. ಇದನ್ನು ಬಹಳ ಜನ ತಪ್ಪು ಬರೆಯುತ್ತಾರೆ.

ಇನ್ನೊಂದು ಮುಖ್ಯ ವಿಷಯ. 2008ರಲ್ಲಿ ಹೆರಾಲ್ಡ್ ಪಾಶ್ಲರ್ ಮತ್ತು ಜೊತೆಯ ಮೂವರು ಮನಶ್ಶಾಸ್ತ್ರಜ್ಞರು ಅಲ್ಲಿಯವರೆಗಿನ ಸಂಶೋಧನೆಗಳನ್ನು ಪರಿಶೀಲಿಸಿದರು. 'ನೋಡಿ ಕಲಿಯುವ' ಮಗು ಅಂತ ಗುರುತಿಸಿ, ಅದಕ್ಕೆ ಚಿತ್ರದಲ್ಲೇ ಕಲಿಸಿದರೆ ಹೆಚ್ಚು ಕಲಿಯುತ್ತದೆ ಅನ್ನುವುದಕ್ಕೆ ಅವರಿಗೆ ಸಾಕಷ್ಟು ಪುರಾವೆ ಸಿಗಲಿಲ್ಲ. ಪರೀಕ್ಷೆಯಲ್ಲಿ ಎರಡನ್ನೂ ಬರೆಯಿರಿ: ಮಾದರಿ ಏನು ಹೇಳುತ್ತದೆ, ಪುರಾವೆ ಎಷ್ಟಿದೆ.

ಹಾಗಾದರೆ ಚಿತ್ರ, ಚಟುವಟಿಕೆ ಎಲ್ಲ ವ್ಯರ್ಥವೇ? ಖಂಡಿತ ಇಲ್ಲ. ಮನಶ್ಶಾಸ್ತ್ರಜ್ಞ ಅಲನ್ ಪೈವಿಯೊ 1971ರಲ್ಲೇ ಹೇಳಿದ್ದು, ಮಾತು ಮತ್ತು ಚಿತ್ರ ಎರಡೂ ಒಟ್ಟಿಗೆ ಸಿಕ್ಕಾಗ ನೆನಪು ಗಟ್ಟಿಯಾಗುತ್ತದೆ ಅಂತ. ಅದು ಎಲ್ಲ ಮಕ್ಕಳಿಗೂ ಅನ್ವಯಿಸುತ್ತದೆ. ಹಾಗಾಗಿ ತರಗತಿಯ ಮಕ್ಕಳನ್ನು ನಾಲ್ಕು ಗುಂಪು ಮಾಡುವ ಬದಲು, ಪಾಠವನ್ನೇ ಕೇಳಿ: ಈ ಪರಿಕಲ್ಪನೆಯೊಳಗೆ ಯಾವ ಚಿತ್ರ ಇದೆ, ಯಾವ ಚಲನೆ ಇದೆ? ನನ್ನ ಮಟ್ಟಿಗೆ ಉಪಕರಣದ ವಿನ್ಯಾಸ ಅಂದರೆ ಇಷ್ಟೇ.

ಕೋನವನ್ನೇ ತೆಗೆದುಕೊಳ್ಳಿ. ಕೋನ ಅಂದರೆ ತಿರುಗುವಿಕೆ. ಆದರೆ ಪುಸ್ತಕದಲ್ಲಿ ಅದು ಎರಡು ಗೆರೆ, ಮಧ್ಯೆ ಒಂದು ಕಮಾನು. ಹಾಗಾಗಿ ಮಕ್ಕಳು, "ಅಕ್ಕೋರ, ಈ ಗೆರಿ ಉದ್ದ ಐತ್ರಿ, ಅದಕ್ಕ ಈ ಕೋನ ದೊಡ್ಡದು" ಅನ್ನುತ್ತಾರೆ. ಮಗು ಕಂಡದ್ದನ್ನೇ ಹೇಳುತ್ತಿದೆ, ಗೆರೆ ನಿಜವಾಗಿಯೂ ಉದ್ದ ಇದೆ. ಈ ತಪ್ಪು ತಿಳುವಳಿಕೆಯನ್ನು ಮುರಿಯುವಂತೆ ಉಪಕರಣ ಇರಬೇಕು.

ನಮ್ಮ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ರಾಷ್ಟ್ರಧ್ವಜ ತಯಾರಾಗುವುದು ಇಲ್ಲಿನ ಮಕ್ಕಳಿಗೆ ಗೊತ್ತು. ಅಶೋಕ ಚಕ್ರದಲ್ಲಿ 24 ಕಡ್ಡಿ. 360ನ್ನು 24ರಿಂದ ಭಾಗಿಸಿದರೆ 15. ಎರಡು ಬಣ್ಣದ ರಟ್ಟಿನಲ್ಲಿ ಒಂದೇ ಅಳತೆಯ ಎರಡು ವೃತ್ತ ಕತ್ತರಿಸಿ, ಎರಡರಲ್ಲೂ ಅಂಚಿನಿಂದ ಮಧ್ಯದವರೆಗೆ ಸೀಳಿ, ಒಂದರೊಳಗೆ ಒಂದು ಸೇರಿಸಿ. ಒಂದರ ಮೇಲೆ 15 ಡಿಗ್ರಿಗೊಂದರಂತೆ 24 ಗೆರೆ ಎಳೆಯಿರಿ. ಇನ್ನೊಂದನ್ನು ತಿರುಗಿಸಿದಷ್ಟೂ ಬಣ್ಣ ತೆರೆಯುತ್ತಾ ಹೋಗುತ್ತದೆ. ಆರು ಮನೆ ತಿರುಗಿದರೆ ಲಂಬಕೋನ, ಹನ್ನೆರಡಕ್ಕೆ ಸರಳಕೋನ. ಆಮೇಲೆ ಇದೇ ತರಹದ, ಅರ್ಧ ಅಳತೆಯ ಇನ್ನೊಂದು ಜೋಡಿ ಮಾಡಿ ಪಕ್ಕದಲ್ಲಿಡಿ. ದೊಡ್ಡದರಲ್ಲೂ ಆರು, ಚಿಕ್ಕದರಲ್ಲೂ ಆರು ಮನೆಗೇ ಲಂಬಕೋನ. ಗೆರೆಯ ಉದ್ದದ ಪ್ರಶ್ನೆಗೆ ಮಗುವಿನ ಕೈಯೇ ಉತ್ತರ ಕೊಡುತ್ತದೆ.

ಇಲ್ಲಿ ಕೈಯ ಚಲನೆ ಮತ್ತು ಪರಿಕಲ್ಪನೆ ಎರಡೂ ಒಂದೇ. ಹಾಗಲ್ಲದೆ ಕೋನದ ಚಿತ್ರಕ್ಕೆ ಬಣ್ಣ ತುಂಬಿಸುವುದು, ಚಪ್ಪಾಳೆ ತಟ್ಟುತ್ತಾ 'ಲಘುಕೋನ, ವಿಶಾಲಕೋನ' ಕೂಗಿಸುವುದು ಇವೆಯಲ್ಲ, ಅಲ್ಲಿ ಮಕ್ಕಳು ಖುಷಿಯಾಗಿರುತ್ತಾರೆ, ಕೈ ಓಡಾಡುತ್ತದೆ, ಆದರೆ ಕೋನದ ಬಗ್ಗೆ ಕೈಗೆ ಏನೂ ತಿಳಿಯುವುದಿಲ್ಲ. ಪಾಠ ಯೋಜನೆಯಲ್ಲಿ 'ಚಟುವಟಿಕೆ' ಅಂತ ಬರೆಯುವ ಮುಂಚೆ ಇದನ್ನೊಮ್ಮೆ ಕೇಳಿಕೊಳ್ಳಿ.

ಇನ್ನು ತೆರೆಯ ಮೇಲಿನ ಉಪಕರಣ. ಗಣಿತದ ಚಿತ್ರ ಬಿಡಿಸಿ ಅಲುಗಾಡಿಸುವ ಜಿಯೊಜೀಬ್ರಾ ಆ್ಯಪ್ ಉಚಿತ, ಶಾಲೆಯ ಸ್ಮಾರ್ಟ್ ಟಿವಿಗೆ ಹಾಕಬಹುದು, ಇರುವ ಒಂದೇ ಮೊಬೈಲಿನಲ್ಲೂ ನಡೆಯುತ್ತದೆ. ಅನುಪಾತದ ಪಾಠಕ್ಕೆ ಮತ್ತೆ ಧ್ವಜದ ಅಳತೆಗೇ ಬನ್ನಿ. ಉದ್ದ ಮತ್ತು ಎತ್ತರ 3:2. ಅತಿ ದೊಡ್ಡದು 6300 ಮತ್ತು 4200 ಮಿಲಿಮೀಟರ್, ಅತಿ ಚಿಕ್ಕದು 150 ಮತ್ತು 100. ಒಂದು ಖಾಲಿ ಆಯತ, ಮಧ್ಯೆ ಒಂದು ವೃತ್ತ, ಉದ್ದಕ್ಕೊಂದು ಎತ್ತರಕ್ಕೊಂದು ಸ್ಲೈಡರ್ (ಎಳೆದರೆ ಅಳತೆ ಬದಲಾಗುವ ಗುಂಡಿ). (ಧ್ವಜದ ಚಿತ್ರವನ್ನೇ ಹಿಗ್ಗಿಸುವುದು ಬೇಡ, ಅದಕ್ಕೆ ಗೌರವ ಕೊಡಬೇಕು. ಬರೀ ಆಯತ ಸಾಕು.) ವೃತ್ತವೂ ಆಯತದ ಜೊತೆಗೇ ಹಿಗ್ಗುವಂತೆ ಮಾಡಿ. ಉದ್ದ ಮಾತ್ರ ಜಾಸ್ತಿ ಮಾಡಿದರೆ ಅದು ಮೊಟ್ಟೆಯಾಕಾರ ಆಗುತ್ತದೆ. ಎತ್ತರವನ್ನೂ ಅದೇ ಲೆಕ್ಕದಲ್ಲಿ ಏರಿಸಿದಾಗ ಮತ್ತೆ ದುಂಡಗಾಗುತ್ತದೆ. ಕೆಂಪು ಬಣ್ಣದಲ್ಲಿ 'ತಪ್ಪು' ಅಂತ ತೋರಿಸುವ ಅಗತ್ಯವೇ ಬರುವುದಿಲ್ಲ.

ತೆರೆಯ ವಿಷಯದಲ್ಲಿ ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ಹೇಳಿದ ಎರಡು ಮಾತು ನೆನಪಿಡಿ. ಹೆಸರು, ಅಂಕಿ ಚಿತ್ರದ ಪಕ್ಕದಲ್ಲೇ ಇರಲಿ. ಕೆಳಗೆ ಎಲ್ಲೋ ಪಟ್ಟಿ ಕೊಟ್ಟರೆ ಮಗುವಿನ ಕಣ್ಣು ಮೇಲೆ-ಕೆಳಗೆ ಓಡಿಯೇ ಸುಸ್ತಾಗುತ್ತದೆ. ಎರಡನೆಯದು, ಪಾಠಕ್ಕೆ ಸಂಬಂಧವಿಲ್ಲದ ಸಂಗೀತ, ಕುಣಿಯುವ ಗೊಂಬೆ ತೆಗೆದುಹಾಕಿ. ಇದಕ್ಕೆ ನಾನು ಸೇರಿಸುವುದು ಒಂದು: ಸ್ಲೈಡರ್ ಎಳೆಯುವ ಮುಂಚೆ 'ಏನಾಗಬಹುದು?' ಅಂತ ಕೇಳಿ, ಮಗು ತನ್ನ ಊಹೆಯನ್ನು ಬರೆಯಲಿ. ಊಹೆ ಇಲ್ಲದೆ ಎಳೆದರೆ ಅದು ಬರೀ ಆಟ.

ಮೈಯನ್ನೇ ಬಳಸುವ ಪಾಠವೂ ಇದೆ. ಋಣ ಸಂಖ್ಯೆ. ಗದಗ ಹತ್ತಿರದ ಲಕ್ಕುಂಡಿಯ ಮೆಟ್ಟಿಲು ಬಾವಿ ನೋಡಿದವರಿಗೆ ನೆಲಮಟ್ಟ ಸೊನ್ನೆ, ಇಳಿದಷ್ಟೂ ಋಣ ಅಂತ ಹೇಳಿದರೆ ಸಾಕು. ಶಾಲೆಯಂಗಳದಲ್ಲಿ ಸೀಮೆಸುಣ್ಣದಿಂದ ಮೆಟ್ಟಿಲು ಬರೆದು, ಋಣ 3ರಲ್ಲಿ ನಿಂತ ಮಗು 5 ಹೆಜ್ಜೆ ಹತ್ತಲಿ.

ಕಣ್ಣು ಸರಿಯಾಗಿ ಕಾಣದ ಮಗು ಇದ್ದರೆ ಅದು ಒಲವಿನ ಮಾತಲ್ಲ, ಅಗತ್ಯ. ಕೋನದ ರಟ್ಟಿನ ಚಕ್ರದ ಗೆರೆಗಳ ಮೇಲೆ ದಪ್ಪ ದಾರ ಅಂಟಿಸಿ. ಎಲ್ಲ ಮಕ್ಕಳೂ ಅದನ್ನೇ ಬಳಸಲಿ, ಆ ಮಗುವಿಗೆಂದು ಬೇರೆಯದು ಬೇಡ.

ಕೊನೆಯ ಹಂತವನ್ನು ಬಿಡಬೇಡಿ. ಮನಶ್ಶಾಸ್ತ್ರಜ್ಞ ಜೆರೋಮ್ ಬ್ರೂನರ್ 1966ರಲ್ಲಿ ಹೇಳಿದ ಕ್ರಮ: ಕೈಯಲ್ಲಿ ಮಾಡು, ಚಿತ್ರದಲ್ಲಿ ಕಾಣು, ಚಿಹ್ನೆಯಲ್ಲಿ ಬರೆ. ರಟ್ಟಿನ ಚಕ್ರ ತಿರುಗಿಸಿದ ಮಗು ನೋಟ್‌ಬುಕ್ಕಿನಲ್ಲಿ ಕೋನ ಬಿಡಿಸಬೇಕು, ಆಮೇಲೆ 6 × 15 = 90 ಬರೆಯಬೇಕು. ಒಂದು ವಾರ ಬಿಟ್ಟು, ಚಕ್ರ ಕೊಡದೆ, ಉದ್ದ ಗೆರೆಯ ಸಣ್ಣ ಕೋನವೊಂದನ್ನೂ ಗಿಡ್ಡ ಗೆರೆಯ ದೊಡ್ಡ ಕೋನವೊಂದನ್ನೂ ಬೋರ್ಡಿನ ಮೇಲೆ ಬರೆದು ಯಾವುದು ದೊಡ್ಡದು ಅಂತ ಕೇಳಿ. ಉತ್ತರ ತಪ್ಪಿದರೆ ಮಗುವನ್ನು ಬೈಯದೆ, ಉಪಕರಣದ ಯಾವ ಭಾಗ ಬದಲಾಗಬೇಕು ಅಂತ ನೋಡಿ.